ಚಾಕು ಕೊಂಡವರ ಮಾತು, ಚಾಕು ಬಳಸಿದವರ ಮಾತು

ಮೊದಲೇ ಹೇಳಿಬಿಡ್ತೀನಿ, ಇದು ಅಡುಗೆಮನೆ ಚಾಕುವಿನ ವಿಷಯ ಅಲ್ಲ. ಕಾಡಿಗೆ, ಕ್ಯಾಂಪಿಗೆ, ಟ್ರೆಕ್ಕಿಗೆ ಸೊಂಟಕ್ಕೆ ಕಟ್ಟಿಕೊಂಡು ಹೋಗೋ ಚಾಕುವಿನ ವಿಷಯ. ಅದರಲ್ಲೂ ದುಬಾರಿ ಚಾಕು. ನೂರೈವತ್ತು, ಮುನ್ನೂರು, ಐನೂರು ಡಾಲರ್ ಕೊಟ್ಟು ಜನ ತಗೊಳ್ಳೋ ಚಾಕು. "ಅಷ್ಟು ದುಡ್ಡಿಗೆ ಒಂದು ಚಾಕುವಾ? ಕತ್ತರಿಸೋದು ಏನನ್ನ?" ಅಂತ ನಮ್ಮಮ್ಮ ಫೋನಲ್ಲಿ ಕೇಳಿದ್ದಳು. ಪ್ರಶ್ನೆ ಸಣ್ಣದಲ್ಲ ಅಂತ ಆಮೇಲೆ ಗೊತ್ತಾಯ್ತು. ಯಾಕಂದ್ರೆ ಇಂಥ ಚಾಕು ಇಟ್ಟುಕೊಂಡಿರೋ ಮುಕ್ಕಾಲು ಪಾಲು ಜನರ ಹತ್ತಿರ ಅದಕ್ಕೆ ಉತ್ತರ ಇಲ್ಲ.

ನಾನಿರೋದು ಅಮೆರಿಕದ ಒರೆಗಾನ್‌ನಲ್ಲಿ. ವಾರವಿಡೀ ಕೋಡು, ಶನಿವಾರ ಬಂದ್ರೆ ಮೌಂಟ್ ಹುಡ್ ಕಡೆಯ ಕಾಡು. ನಮ್ಮ ಆಫೀಸಿನಲ್ಲೇ ನಾಲ್ಕೈದು ಜನ ಚಾಕು ಹುಚ್ಚಿನವರಿದ್ದಾರೆ. ಹೊಸದು ಬಂದ ದಿನ ಮೀಟಿಂಗ್ ರೂಮಿನಲ್ಲಿ ಡಬ್ಬಿ ಬಿಚ್ಚೋ ಕಾರ್ಯಕ್ರಮ. ಬಾಗಿಲು ಹಾಕಿಕೊಂಡೇ ಮಾಡ್ತಾರೆ, ಎಚ್ಆರ್ ಭಯ! ಇವರ ಮಾತು ಕೇಳಿ ಕೇಳಿ, ನಾನೂ ಎರಡು ಮೂರು ಚಾಕು ಬಳಸಿ, ಒಂದು ಅಭಿಪ್ರಾಯಕ್ಕೆ ಬಂದಿದ್ದೀನಿ. ದುಬಾರಿ ಚಾಕುವಿನ ಬಗ್ಗೆ ಅದರ ಒಡೆಯ ಕೊಂಡ ಮೊದಲ ತಿಂಗಳಲ್ಲಿ ಹೇಳೋದು ಚಾಕುವಿನ ಬಗ್ಗೆ ಅಲ್ಲ, ತಾನು ಕೊಟ್ಟ ದುಡ್ಡಿನ ಬಗ್ಗೆ.

ಗಮನಿಸಿ ನೋಡಿ, ಅವರು ಹೊಗಳೋದು ಏನನ್ನ ಅಂತ. ಹಿಡಿಯ ಕೂಡಿಕೆಯಲ್ಲಿ ಉಗುರು ತೂರಲ್ಲ. ಮಡಚಿದಾಗ ಅಲಗು ಸರಿಯಾಗಿ ನಡುಮಧ್ಯ ಕೂರುತ್ತೆ. ಬಿಚ್ಚಿದಾಗ ಲಾಕ್ ಬೀಳೋ ಸದ್ದು ಬ್ಯಾಂಕಿನ ತಿಜೋರಿ ಥರ ಕೇಳುತ್ತೆ. ಎಲ್ಲಾ ನಿಜ. ಕುಸುರಿ ಕೆಲಸದಲ್ಲಿ ಇವು ನಿಜಕ್ಕೂ ಚೆನ್ನಾಗಿರ್ತವೆ. ಆದ್ರೆ ಏನನ್ನು ಕತ್ತರಿಸಿದೆ, ಎಷ್ಟು ಹೊತ್ತು ಕತ್ತರಿಸಿದೆ, ಮೊಂಡಾದ ಮೇಲೆ ಮತ್ತೆ ಮಸೆಯೋಕೆ ಎಷ್ಟು ಕಷ್ಟ ಆಯ್ತು ಅನ್ನೋ ಸುದ್ದಿಯೇ ಇರಲ್ಲ.

ಅಮೆರಿಕದ ಐಡಹೊದಲ್ಲಿ ತಯಾರಾಗೋ ಕ್ರಿಸ್ ರೀವ್ ಕಂಪನಿಯ ಸೆಬೆಂಜಾ ಅನ್ನೋ ಮಡಚೋ ಚಾಕು ಈ ಲೋಕದಲ್ಲಿ ದೊಡ್ಡ ಹೆಸರು. ಬೆಲೆ ನಾನೂರು ಡಾಲರ್ ದಾಟುತ್ತೆ. ಕ್ರಿಸ್ ರೀವ್ ಮೂಲತಃ ದಕ್ಷಿಣ ಆಫ್ರಿಕಾದವರು, ಸೆಬೆಂಜಾ ಅನ್ನೋದು ಜುಲು ಭಾಷೆಯ ಪದ. ಅರ್ಥ ಏನು ಗೊತ್ತಾ? ಕೆಲಸ! ಮಾಡಿದವರು ದುಡಿಯೋಕೆ ಅಂತ ಮಾಡಿದ್ದು. ನಾನು ಹತ್ತಿರದಿಂದ ನೋಡಿದ ಮೂರು ಸೆಬೆಂಜಾಗಳಲ್ಲಿ ಎರಡು ಇವತ್ತಿನವರೆಗೆ ಕೊರಿಯರ್ ಡಬ್ಬಿಯ ಟೇಪು ಬಿಟ್ಟು ಬೇರೇನೂ ಕತ್ತರಿಸಿಲ್ಲ. ಒಂದು ಗೀರು ಬಿದ್ದರೆ ಮರುಮಾರಾಟದ ಬೆಲೆ ಇಳಿಯುತ್ತೆ ಅಂತ ಹೆದರಿಕೆ. ಕೆಲಸ ಅಂತ ಹೆಸರಿಟ್ಟುಕೊಂಡ ಚಾಕುವಿಗೆ ಆಜೀವ ರಜೆ.

ಇನ್ನೊಂದು ಉದಾಹರಣೆ. ಕಂಪನಿ ಹೆಸರು ಬೇಡ. ಸಹೋದ್ಯೋಗಿಯೊಬ್ಬ ಇನ್ನೂರ ಎಂಬತ್ತು ಡಾಲರ್ ಕೊಟ್ಟು ಒಂದು ಕಾಡುಚಾಕು ತರಿಸಿದ. ಅಲಗಿನ ಒಂದು ಪಕ್ಕದ ಇಳಿಜಾರು ಒಂದು ಕೋನ, ಇನ್ನೊಂದು ಪಕ್ಕದ್ದು ಬೇರೆ ಕೋನ. ಬರಿಗಣ್ಣಿಗೇ ಕಾಣ್ತಿತ್ತು. ಅವನು ಒಂದು ಭಾನುವಾರ ಪೂರ್ತಿ ಕೂತು ಉಜ್ಜಿ ಉಜ್ಜಿ ಸರಿ ಮಾಡಿಕೊಂಡ. ಆಮೇಲೆ ರಿವ್ಯೂ ಬರೆದ. ಐದಕ್ಕೆ ಐದು ನಕ್ಷತ್ರ! "ಸ್ವಲ್ಪ ಮಸೆದರೆ ಅದ್ಭುತ ಚಾಕು" ಅಂತ. ಇನ್ನೂರ ಎಂಬತ್ತು ಡಾಲರ್ ತಗೊಂಡವನು ಮಾಡಬೇಕಾಗಿದ್ದ ಕೆಲಸವನ್ನು ಇವನು ಮಾಡಿ, ಅಂಕ ಮಾತ್ರ ಅವನಿಗೆ ಕೊಟ್ಟ. ಇದೇ ತಪ್ಪು ಇಪ್ಪತ್ತು ಡಾಲರಿನ ಚಾಕುವಿನಲ್ಲಿ ಇದ್ದಿದ್ರೆ ಒಂದು ನಕ್ಷತ್ರ ಕೊಟ್ಟು ವಾಪಸ್ ಕಳಿಸ್ತಿದ್ದ, ಅನುಮಾನವೇ ಇಲ್ಲ.

ಸರಿ, ಈಗ ಉಕ್ಕಿನ ವಿಷಯ. ಚಾಕು ಒಡೆಯರ ವಾದಗಳಲ್ಲಿ ಎಪ್ಪತ್ತು ಭಾಗ ಉಕ್ಕಿನ ಹೆಸರಿನ ಮೇಲೇ ನಡೆಯುತ್ತೆ. ಎಸ್30ವಿ ಒಳ್ಳೇದಾ, ವಿಜಿ-10 ಒಳ್ಳೇದಾ, ಮ್ಯಾಗ್ನಾಕಟ್ ಒಳ್ಳೇದಾ... ನನಗೆ ಇದು ಹಿಂದೆ ಕ್ಯಾಮೆರಾ ಕೊಳ್ಳುವಾಗ ಮೆಗಾಪಿಕ್ಸೆಲ್ ಎಣಿಸ್ತಿದ್ದ ಹಾಗೆ ಕಾಣುತ್ತೆ. ಎಣಿಸೋಕೆ ಸಿಗೋದು ಅದೊಂದೇ, ಹಾಗಾಗಿ ಅದನ್ನೇ ಎಣಿಸೋದು. ಅಲಗಿನ ಮೇಲೆ ಕೆತ್ತಿರೋದು ಉಕ್ಕಿನ ಹೆಸರು. ಅದನ್ನು ಎಷ್ಟು ಕಾಯಿಸಿದರು, ಹೇಗೆ ತಣಿಸಿದರು, ಅಂಚನ್ನು ಎಷ್ಟು ತೆಳ್ಳಗೆ ಮಾಡಿದರು ಅನ್ನೋದನ್ನ ಯಾರೂ ಕೆತ್ತಲ್ಲ.

ಲ್ಯಾರಿನ್ ಥಾಮಸ್ ಅಂತ ಒಬ್ಬ ಅಮೆರಿಕನ್ ಲೋಹವಿಜ್ಞಾನಿ ಇದ್ದಾರೆ. 2021ರಲ್ಲಿ ಬಂದ ಮ್ಯಾಗ್ನಾಕಟ್ ಉಕ್ಕನ್ನು ರೂಪಿಸಿದವರು ಇವರೇ. ಬೇರೆ ಬೇರೆ ಉಕ್ಕಿನಲ್ಲಿ ಒಂದೇ ಆಕಾರದ ಚಾಕು ಮಾಡಿಸಿ, ಮರಳಿನ ಪುಡಿ ಬೆರೆಸಿದ ಕಾಗದದ ಪಟ್ಟಿಗಳನ್ನು ಕತ್ತರಿಸೋ ಯಂತ್ರಕ್ಕೆ ಕೊಟ್ಟು ಅಳತೆ ಮಾಡಿದ್ದಾರೆ. ಉಕ್ಕಿನಿಂದ ವ್ಯತ್ಯಾಸ ಆಗೋದು ನಿಜ. ಆದ್ರೆ ಅಂಚಿನ ಕೋನ ಬದಲಾದರೆ ಆಗೋ ವ್ಯತ್ಯಾಸ ಎಷ್ಟು ದೊಡ್ಡದಂದ್ರೆ, ಸಾಧಾರಣ ಉಕ್ಕಿನ ತೆಳ್ಳನೆ ಅಂಚು ದುಬಾರಿ ಉಕ್ಕಿನ ದಪ್ಪ ಅಂಚನ್ನು ಸುಲಭವಾಗಿ ಹಿಂದೆ ಹಾಕಬಹುದು. ಹೊಸ ಉಕ್ಕನ್ನೇ ಕಂಡುಹಿಡಿದವರು ಹೇಳ್ತಿರೋ ಮಾತು ಇದು, ಉಕ್ಕು ಮಾರೋಕೆ ಅನುಕೂಲ ಆಗೋ ಮಾತಲ್ಲ. ಅದಕ್ಕೇ ನನಗೆ ನಂಬಿಕೆ ಜಾಸ್ತಿ.

ನನ್ನ ಹತ್ತಿರ ಇರೋ ಎರಡು ಚಾಕುಗಳಲ್ಲೇ ಇದನ್ನ ನೋಡಬಹುದು. ಎರಡೂ ಸ್ವೀಡನ್ ಕಂಪನಿಗಳವು. ಒಂದು ಫೆಲ್ಕ್ನೀವೆನ್ ಎಫ್1. 1995ರಿಂದ ಸ್ವೀಡನ್ ವಾಯುಪಡೆಯ ಪೈಲಟ್‌ಗಳಿಗೆ ಕೊಡೋ ಚಾಕು ಅಂತ ಹೆಸರುವಾಸಿ. (ಫೆಲ್ಕ್ನೀವೆನ್ ಅಂದ್ರೆ ಸ್ವೀಡಿಶ್‌ನಲ್ಲಿ ಮಡಚೋ ಚಾಕು. ಎಫ್1 ಮಡಚಲ್ಲ! ಅದೂ ತಯಾರಾಗೋದು ಜಪಾನಿನಲ್ಲಿ.) ನಡುವೆ ಗಟ್ಟಿ ವಿಜಿ-10, ಎರಡೂ ಪಕ್ಕ ಮೆತ್ತನೆ ಸ್ಟೇನ್‌ಲೆಸ್ ಹೊದಿಕೆ. ಅಲಗು 97 ಮಿಲಿಮೀಟರ್ ಉದ್ದ, ಬೆನ್ನು 4.5 ಮಿಲಿಮೀಟರ್ ದಪ್ಪ. ಇನ್ನೊಂದು ಮೋರಾ ಕಂಪ್ಯಾನಿಯನ್. ಮೋರಾ ಅನ್ನೋದು ಸ್ವೀಡನ್ನಿನ ಒಂದು ಊರು, ಅಲ್ಲಿ 1891ರಿಂದ ಚಾಕು ಮಾಡ್ತಿದ್ದಾರೆ. ಪ್ಲಾಸ್ಟಿಕ್ ಒರೆ, ರಬ್ಬರ್ ಹಿಡಿ, ದಪ್ಪ 2.5 ಮಿಲಿಮೀಟರ್. ಬೆಲೆಯಲ್ಲಿ ಎಫ್1 ಇದರ ಎಂಟು ಹತ್ತು ಪಟ್ಟು.

ಕ್ಯಾಂಪಿನಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಬೇಕಾ? ಮೋರಾ. ಕ್ಯಾರೆಟ್? ಖಂಡಿತ ಮೋರಾ, ಎಫ್1 ಕ್ಯಾರೆಟ್ಟನ್ನು ಕತ್ತರಿಸಲ್ಲ, ಸೌದೆ ಥರ ಟಪ್ ಅಂತ ಸೀಳುತ್ತೆ. ಹಗ್ಗ, ಕಡ್ಡಿ ಚೂಪು ಮಾಡೋದು, ಬೆಂಕಿ ಹಚ್ಚೋಕೆ ಸಣ್ಣ ಸಿಪ್ಪೆ ಎಬ್ಬಿಸೋದು, ಎಲ್ಲದಕ್ಕೂ ಮೋರಾದೇ ಸುಖ. ಮಸೆಯೋದೂ ಸಲೀಸು. ಅಗಲವಾದ ಚಪ್ಪಟೆ ಇಳಿಜಾರನ್ನು ಹಾಗೇ ಕಲ್ಲಿನ ಮೇಲೆ ಮಲಗಿಸಿ ಉಜ್ಜಿದರೆ ಆಯ್ತು, ಕೋನ ಊಹಿಸೋ ಗೋಜಿಲ್ಲ. ಎಫ್1ನದು ಉಬ್ಬಿದ ಅಂಚು, ಅದಕ್ಕೆ ಚರ್ಮದ ಪಟ್ಟಿ ಬೇಕು, ಕೈ ಪಳಗಬೇಕು.

ಹಾಗಾದ್ರೆ ಎಫ್1 ದಂಡವಾ ಅಂತ ಕೇಳಬೇಡಿ. ಇಲ್ಲಿ ಅಕ್ಟೋಬರ್‌ನಿಂದ ಮೇ ತನಕ ಜಿಟಿಜಿಟಿ ಮಳೆ, ನಮ್ಮ ಆಗುಂಬೆಯ ರಭಸ ಇಲ್ಲ, ಆದ್ರೆ ಬಿಡಲ್ಲ. ಬಿದ್ದ ಡಗ್ಲಸ್ ಫರ್ ಮರದ ಕೊಂಬೆ ಹೊರಗೆಲ್ಲ ನೆಂದು ಮುದ್ದೆ. ಒಣಗಿರೋದು ಒಳಗಿನ ತಿರುಳು ಮಾತ್ರ. ಅದನ್ನು ತೆಗೀಬೇಕಂದ್ರೆ ಚಾಕುವನ್ನು ಕೊಂಬೆಯ ತುದಿಗೆ ಇಟ್ಟು, ಬೆನ್ನ ಮೇಲೆ ಇನ್ನೊಂದು ಕಟ್ಟಿಗೆಯಿಂದ ಬಡಿದು ಸೀಳಬೇಕು. ಅಲ್ಲಿ ಆ 4.5 ಮಿಲಿಮೀಟರ್ ಬೆಲೆ ತಿಳಿಯುತ್ತೆ. ಎಫ್1ನ ಉಕ್ಕು ಹಿಡಿಯ ಉದ್ದಕ್ಕೂ ಹೋಗಿ ಹಿಂದೆ ಹೊರಕ್ಕೆ ಚಾಚಿಕೊಂಡಿದೆ. ಕಂಪ್ಯಾನಿಯನ್‌ನಲ್ಲಿ ಅದು ಹಿಡಿಯೊಳಗೇ ಎಲ್ಲೋ ನಿಂತುಹೋಗುತ್ತೆ. ನಾಗರಿಕತೆಯಿಂದ ಐವತ್ತು ಮೈಲಿ ದೂರ ಪ್ಯಾರಾಚೂಟ್‌ನಿಂದ ಇಳಿದ ಪೈಲಟ್‌ಗೆ ಈರುಳ್ಳಿ ಹೆಚ್ಚೋ ಚಿಂತೆ ಇರಲ್ಲ. ಅವನ ಚಾಕು ಮುರೀಬಾರದು, ತುಕ್ಕು ಹಿಡೀಬಾರದು, ಅಷ್ಟೇ. ಆ ಕೆಲಸಕ್ಕೆ ಎಫ್1 ಸರಿಯಾದ ಬೆಲೆಯ ಚಾಕು. ಸಮಸ್ಯೆ ಬರೋದು ಅದನ್ನು "ಎಲ್ಲದಕ್ಕೂ ಒಂದೇ ಚಾಕು" ಅಂತ ಹೊಗಳೋ ಒಡೆಯರಿಂದ. ಅವರು ಕ್ಯಾರೆಟ್ ಕತ್ತರಿಸಿಲ್ಲ, ಅಥವಾ ಕತ್ತರಿಸಿಯೂ ಹೇಳ್ತಿಲ್ಲ.

ದುಡ್ಡಿಗೆ ಸಿಗೋ ಇನ್ನೊಂದು ನಿಜವಾದ ವಸ್ತು ಅಂದ್ರೆ ಆಮೇಲಿನ ಸೇವೆ. ಎಸಿ ಅನ್ನೋ ಅಮೆರಿಕನ್ ಕಂಪನಿ ಉಪಯೋಗಿಸೋದು 1095, ಅಂದ್ರೆ ನೂರಕ್ಕೆ ಸುಮಾರು 0.95 ಇಂಗಾಲ ಇರೋ ಹಳೇ ಕಾಲದ ಸಾದಾ ಉಕ್ಕು, ಒರೆಸದೆ ಇಟ್ಟರೆ ತುಕ್ಕು. ಸ್ಪೆಕ್ ನೋಡೋರು ಮೂಗು ಮುರೀತಾರೆ. ಆದ್ರೆ ಮುರಿದ್ರೆ ಪ್ರಶ್ನೆ ಕೇಳದೆ ಬದಲಿಸಿಕೊಡ್ತೀವಿ, ಚಾಕು ಯಾರ ಕೈಗೆ ಹೋದ್ರೂ ಗ್ಯಾರಂಟಿ ಹಿಂದೆಯೇ ಬರುತ್ತೆ ಅನ್ನೋದು ಅವರ ಮಾತು. ಉಕ್ಕಿನ ಹೆಸರಿಗಿಂತ ನನಗೆ ಈ ಮಾತು ಭಾರ.

ಹೆಸರಿನ ಉಕ್ಕುಗಳ ಇನ್ನೊಂದು ಗುಟ್ಟು ಕೊಂಡ ತಿಂಗಳಲ್ಲಿ ಗೊತ್ತಾಗಲ್ಲ, ಆರು ತಿಂಗಳ ಮೇಲೆ ಗೊತ್ತಾಗುತ್ತೆ. ಎಸ್30ವಿಯಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲು ವೆನೇಡಿಯಂ. ಅದು ಇಂಗಾಲದ ಜೊತೆ ಸೇರಿ ಕಟ್ಟೋ ಕಣಗಳು ಮಾಮೂಲಿ ಸಾಣೆಕಲ್ಲಿನ ಪುಡಿಗಿಂತ ಗಟ್ಟಿ. ಬೇಗ ಸವೆಯಲ್ಲ ಅನ್ನೋದು ಅದರಿಂದಲೇ, ಬೇಗ ಮಸೆಯೋಕಾಗಲ್ಲ ಅನ್ನೋದೂ ಅದರಿಂದಲೇ. ಕಾಡಿನಲ್ಲಿ ಸಿಕ್ಕ ಹೊಳೆಕಲ್ಲಿಗೆ ಉಜ್ಜಿ ಚೂಪು ಮಾಡ್ತೀನಿ ಅಂದ್ರೆ ಆಗಲ್ಲ, ವಜ್ರದ ಪುಡಿ ಹಾಕಿದ ತಗಡು ಬೇಕು. ಚಾಕು ಕೊಂಡು ಮೊಂಡಾಗಿಸದವನಿಗೆ ಇದು ಗೊತ್ತಾಗೋದು ಹೇಗೆ?

ಇಲ್ಲಿ ನನಗೆ ನೆನಪಾಗೋದು ನಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಸುಲಿಯೋ ಹೆಂಗಸರು. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತಿರ್ತಾರೆ. ಕೂಲಿ ದಿನದ ಲೆಕ್ಕ ಅಲ್ಲ, ಸುಲಿದಷ್ಟಕ್ಕೆ. ಕತ್ತಿ ಮೊಂಡಾದರೆ ಆ ರಾತ್ರಿಯ ಕೂಲಿಯೇ ಕಮ್ಮಿ. ಯಾವ ಕುಲುಮೆಯ ಕತ್ತಿ ಒಳ್ಳೇದು ಅಂತ ಅವರನ್ನ ಕೇಳಿ ನೋಡಿ. ಒಬ್ಬ ಆಚಾರಿಯ ಹೆಸರು ಹೇಳ್ತಾರೆ, ಇನ್ನೊಬ್ಬನ ಕತ್ತಿಗೆ "ಹದ ಇಲ್ಲ" ಅಂತಾರೆ. ಎಷ್ಟೋ ಕುಲುಮೆಗಳಲ್ಲಿ ಇಬ್ಬರೂ ತರೋದು ಅದೇ ಲಾರಿ ಸ್ಪ್ರಿಂಗ್ ಪ್ಲೇಟು, ಅದೇ ಗುಜರಿಯಿಂದ. ಉಕ್ಕು ಒಂದೇ, ಹದ ಬೇರೆ. ಕೆಂಪಗೆ ಕಾಯಿಸಿದ್ದನ್ನು ಯಾವ ಬಣ್ಣದಲ್ಲಿ ಹೊರತೆಗೆದ, ನೀರಿಗೆ ಹೇಗೆ ಅದ್ದಿದ, ಆಮೇಲೆ ಎಷ್ಟು ಇಳಿಸಿದ. ಜಾಸ್ತಿ ಗಟ್ಟಿಯಾದ್ರೆ ಅಂಚು ಚಕ್ಕೆ ಏಳುತ್ತೆ, ಮೆತ್ತಗಾದ್ರೆ ಮಡಚುತ್ತೆ. ಅಮೆರಿಕದಲ್ಲಿ ಮುನ್ನೂರು ಡಾಲರಿಗೆ ಮಾರೋ ದೊಡ್ಡ ಕತ್ತಿಗಳಲ್ಲಿ ಕೆಲವಕ್ಕೆ ಬಳಸೋ 5160 ಕೂಡ ಸ್ಪ್ರಿಂಗ್ ಪ್ಲೇಟಿನ ಜಾತಿಯದೇ. ಇಲ್ಲಿನವರಿಗೆ ಸಂಖ್ಯೆ ಗೊತ್ತು, ಅಲ್ಲಿನವರಿಗೆ ಹದ ಗೊತ್ತು.

ಉಕ್ಕಿನ ಮಾತು ಬಂತಲ್ಲ, ಒಂದು ಸಣ್ಣ ಜಗಳ ಇದೆ ನನ್ನದು. ಅಲೆಅಲೆ ವಿನ್ಯಾಸದ ಅಲಗಿಗೆ "ಡಮಾಸ್ಕಸ್" ಅಂತ ಇನ್ನೂರು ಡಾಲರ್ ಜಾಸ್ತಿ ಹಾಕ್ತಾರೆ. ಒಡೆಯರು "ಪ್ರಾಚೀನ ವಿದ್ಯೆ" ಅಂತ ಪುಳಕಗೊಳ್ತಾರೆ. ಇವತ್ತಿನ ಡಮಾಸ್ಕಸ್ ಅಂದ್ರೆ ಎರಡು ಬಗೆಯ ಉಕ್ಕಿನ ಹಾಳೆ ಬೆಸೆದು ಮಡಚಿ ಆಮ್ಲದಲ್ಲಿ ಅದ್ದಿದ್ದು. ಆ ಹೆಸರು ಗಳಿಸಿದ ಹಳೇ ಕತ್ತಿಗಳದ್ದು ಬೇರೆಯದೇ ಕಥೆ. ಮೂಸೆಯಲ್ಲಿ ಕರಗಿಸಿ ಮಾಡಿದ ದಕ್ಷಿಣ ಭಾರತದ ವೂಟ್ಜ್ ಉಕ್ಕು ಅದು. ಆ ವೂಟ್ಜ್ ಅನ್ನೋ ಪದವೇ ನಮ್ಮ "ಉಕ್ಕು" ಕೆಟ್ಟು ಆಗಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1795ರಲ್ಲೇ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ಮೇಲೆ ಲೇಖನ ಬರೆದಿದ್ದಾರೆ. ಇದನ್ನ ಆಫೀಸಿನಲ್ಲಿ ಹೇಳಿದ್ರೆ "ಓ ಕೂಲ್" ಅಂತಾರೆ, ಮತ್ತೆ ಅಲೆ ನೋಡ್ತಾ ಕೂರ್ತಾರೆ.

ಇಷ್ಟೆಲ್ಲ ಬರೆಯೋಕೆ ಕಾರಣ ಬೆಂಗಳೂರಿನ ಗೆಳೆಯನೊಬ್ಬನ ಮೇಲ್. ಕುಮಾರಪರ್ವತ, ಕೊಡಚಾದ್ರಿ ಅಂತ ತಿರುಗೋ ಆಸಾಮಿ. ಮುಂದಿನ ಸಲ ಬರುವಾಗ ಒಂದು "ಟಾಪ್ ರೇಟೆಡ್" ಚಾಕು ತಾ, ಇಪ್ಪತ್ತು ಸಾವಿರದ ತನಕ ಪರವಾಗಿಲ್ಲ, ಎಲ್ಲಾ ರಿವ್ಯೂ ಓದಿದ್ದೀನಿ ಅಂತ. ಅವನ ಸಂಬಳದಲ್ಲಿ ಇಪ್ಪತ್ತು ಸಾವಿರ ಅಂದ್ರೆ ಎರಡು ತಿಂಗಳ ಮನೆ ಬಾಡಿಗೆ. ಕುಮಾರಪರ್ವತದಲ್ಲಿ ಅವನು ಕತ್ತರಿಸೋದು ಸೌತೆಕಾಯಿ, ಬ್ರೆಡ್ಡಿನ ಪ್ಯಾಕೆಟ್ಟು, ಒಂದೊಂದ್ಸಲ ಹಗ್ಗ. ಅದು ರಕ್ಷಿತಾರಣ್ಯ, ಅಲ್ಲಿ ಮರ ಸೀಳಿ ಬೆಂಕಿ ಹಾಕೋ ಹಾಗೇ ಇಲ್ಲ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿದ್ರೆ, ಮನೆಬಳಕೆ ವ್ಯವಸಾಯದಂಥ ಕೆಲಸದ್ದಲ್ಲ ಅಂದ್ರೆ, ನಮ್ಮ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸೂ ಬೇಕು. ಅವನು ಕಳಿಸಿದ ಪಟ್ಟಿಯಲ್ಲಿ ಹತ್ತು ಇಂಚಿನದೊಂದಿತ್ತು, ಪುಣ್ಯಾತ್ಮ!

ಅವನಿಗೆ ನಾನು ಬರೆದದ್ದು ಇಷ್ಟು. ಆ ರಿವ್ಯೂಗಳಲ್ಲಿ ಒಂದೇ ವಿಷಯ ಹುಡುಕು: ಬರೆದವನು ಆ ಚಾಕುವನ್ನ ಎಷ್ಟು ಸಲ ಮಸೆದಿದ್ದಾನೆ ಅಂತ. ಹೇಳಿಲ್ಲ ಅಂದ್ರೆ ಮುಂದಿನದಕ್ಕೆ ಹೋಗು. ಮಸೆದವನು ನಾಲ್ಕು ನಕ್ಷತ್ರ ಕೊಟ್ಟು ಬೈದಿದ್ರೂ ಅವನ ಮಾತನ್ನೇ ಕೇಳು. ಅಲ್ಲಿಯವರೆಗೆ ಒಂದು ಮೋರಾ, ಒಂದು ಎರಡು ಪಕ್ಕದ ಸಾಣೆಕಲ್ಲು ತರ್ತೀನಿ, ಚೆಕ್-ಇನ್ ಬ್ಯಾಗಿನಲ್ಲಿ. ಎರಡೂ ಸೇರಿ ನಾಲ್ಕು ಸಾವಿರ ದಾಟಲ್ಲ.

ಅವನಿಂದ ಇನ್ನೂ ಉತ್ತರ ಬಂದಿಲ್ಲ. ಸಿಟ್ಟು ಬಂದಿರಬೇಕು.