ಮಧ್ಯಾಹ್ನಕ್ಕೊಂದು ಬಟ್ಟಲು ಸೂಪು

ಸಿಂಧನೂರು ತಾಲೂಕಿನ ನಮ್ಮ ಸಾಲಗುಂದದಂತಹ ಊರಿನ ಕಿರಾಣಿ ಅಂಗಡಿಯಲ್ಲೂ ಈಗ ಸೂಪಿನ ಪ್ಯಾಕೆಟ್ ಸಿಗುತ್ತದೆ. ಅದನ್ನು ಕೊಂಡು ತಂದರೆ ಮೂಗು ಮುರಿಯುವ ಹಿರಿಯರು ಅನೇಕ. "ಮನೆಯಲ್ಲಿ ಅಡುಗೆ ಮಾಡುವ ಕೈಗಳಿದ್ದೂ ಅಂಗಡಿಯ ಸೂಪೇಕೆ?" ಎಂಬುದು ಅವರ ಪ್ರಶ್ನೆ.

ಆದರೆ ಆ ಸೂಪು ಕುಡಿಯುವವಳು ಯಾರೆಂದು ನೋಡಿದ್ದೀರಾ? ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ, ಗಂಡನನ್ನು ಹೊಲಕ್ಕೋ ಅಂಗಡಿಗೋ ಕಳಿಸಿದ ಗೃಹಿಣಿ. ಮಧ್ಯಾಹ್ನ ಅವಳ ಪಾಲಿಗೆ ಉಳಿಯುವುದು ತಣ್ಣಗಾದ ರೊಟ್ಟಿ, ತಳ ಕಂಡ ಪಾತ್ರೆ. ತನ್ನೊಬ್ಬಳಿಗಾಗಿ ಅವಳು ಮತ್ತೆ ಮಸಾಲೆ ಅರೆಯುವುದಿಲ್ಲ. ನಿಂತುಕೊಂಡೇ ನಾಲ್ಕು ತುತ್ತು ತಿಂದು ಮುಗಿಸುತ್ತಾಳೆ. ಅಂಥವಳು ಐದು ನಿಮಿಷದಲ್ಲಿ ಒಂದು ಬಟ್ಟಲು ಬಿಸಿ ಸೂಪು ಮಾಡಿಕೊಂಡು ಸುಖವಾಗಿ ಕುಡಿದರೆ ಅದು ಸೋಮಾರಿತನವಲ್ಲ.

ಅಸಲಿಗೆ ಮ್ಯಾಗಿಯ ಸಿದ್ಧ ಸೂಪು ಹುಟ್ಟಿದ್ದೇ ದುಡಿಯುವ ಹೆಂಗಸರಿಗಾಗಿ. 1880ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಹಿಳೆಯರಿಗೆ ಅಡುಗೆಗೆ ಸಮಯವೇ ಇರಲಿಲ್ಲ. ಬೇಗ ಬೇಯುವ, ಕಡಿಮೆ ಬೆಲೆಯ, ಕಾಳುಗಳ ಪೌಷ್ಟಿಕ ಆಹಾರ ಬೇಕೆಂದು ಫ್ರಿಡೊಲಿನ್ ಶೂಲರ್ ಎಂಬ ವೈದ್ಯರು ಒತ್ತಾಯಿಸಿದರು. ಹಿಟ್ಟಿನ ಗಿರಣಿಯ ಜೂಲಿಯಸ್ ಮ್ಯಾಗಿ ಆ ಕೆಲಸ ಕೈಗೆತ್ತಿಕೊಂಡು 1886ರಲ್ಲಿ ಕಾಳುಗಳ ಹಿಟ್ಟಿನ ಸಿದ್ಧ ಸೂಪನ್ನು ಮಾರುಕಟ್ಟೆಗೆ ತಂದರು. ನಮ್ಮ ಮಕ್ಕಳು ನೂಡಲ್ಸ್ ಪ್ಯಾಕೆಟ್ ಮೇಲೆ ಓದುವ ಹೆಸರು ಅವರದೇ.

ಇಂದಿನ ಪ್ಯಾಕೆಟ್ಟಿನ ಬೆನ್ನು ಓದಿ ನೋಡಿ. ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರಬೇಕೆಂಬುದು ನಿಯಮ. ಹಲವು ಸೂಪುಗಳಲ್ಲಿ ಮೊದಲ ಸಾಲುಗಳಲ್ಲಿರುವುದು ಜೋಳದ ಪಿಷ್ಟ (ನಮ್ಮ ರೊಟ್ಟಿಯ ಜೋಳವಲ್ಲ, ಮೆಕ್ಕೆಜೋಳ), ಮೈದಾ, ಸಕ್ಕರೆ, ಉಪ್ಪು. ಒಣ ತರಕಾರಿ ಸ್ವಲ್ಪವೇ. ಅಂದರೆ ಬಿಸಿಯಿದೆ, ರುಚಿಯಿದೆ, ಹೊಟ್ಟೆಗೆ ಆಧಾರ ಕಡಿಮೆ.

ಉಪ್ಪಿನ ಲೆಕ್ಕವೂ ತಿಳಿದಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಪ್ಯಾಕೆಟ್ಟಿನಲ್ಲಿ ಬರೆದಿರುವ ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ಒಂದು ಬಟ್ಟಲಿಗೆ 600 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಒಂದೂವರೆ ಗ್ರಾಂ ಉಪ್ಪು. ನಾಲ್ವರಿಗೆಂದು ಮಾಡಿದ ಅಂತಹ ಪ್ಯಾಕೆಟ್ಟನ್ನು ಒಬ್ಬರೇ ಮುಗಿಸಿದರೆ 6 ಗ್ರಾಂ! ರಕ್ತದೊತ್ತಡ ಇರುವವರು ಇದನ್ನು ಮರೆಯಬಾರದು.

ಹಾಗಾದರೆ ಏನು ಮಾಡೋಣ? ಒಬ್ಬರಿಗೆ ಬೇಕಾದಷ್ಟೇ ಪುಡಿ ತೆಗೆದುಕೊಂಡು ಉಳಿದದ್ದನ್ನು ಒಣ ಡಬ್ಬಿಯಲ್ಲಿ ಮುಚ್ಚಿಡಿ. ಬೆಳಗಿನ ಬೇಯಿಸಿದ ಬೇಳೆ ಉಳಿದಿದ್ದರೆ ಎರಡು ಸೌಟು ಸೇರಿಸಿ. ಕುದಿಯುವಾಗ ಒಂದು ಮೊಟ್ಟೆ ಒಡೆದು ಹಾಕಿದರೆ ಸುಮಾರು 6 ಗ್ರಾಂ ಪ್ರೋಟೀನ್ ಸಿಗುತ್ತದೆ. ಕೈಗೆ ಸಿಕ್ಕ ಸೊಪ್ಪು ಹೆಚ್ಚಿ ಹಾಕಿ. ಮತ್ತೆ ಉಪ್ಪು ಬೇಡ. ಗಟ್ಟಿಯಾದ ಜೋಳದ ರೊಟ್ಟಿಯನ್ನು ಅದರಲ್ಲಿ ಮುರಿದು ನೆನೆಸಿದರೆ ಎಷ್ಟು ಚೆನ್ನ! ಮ್ಯಾಗಿಯವರ ಕಾಳಿನ ಸೂಪು ಹೀಗೆ ನಮ್ಮ ಒಲೆಗೇ ಮರಳುತ್ತದೆ. ಇನ್ನೊಂದು ಮಾತು: ಚಿಕನ್ ಸೂಪು ಹಲಾಲ್ ಎಂಬುದು ಖಚಿತವಾಗದಿದ್ದರೆ ಹಸಿರು ಗುರುತಿನ ತರಕಾರಿ ಸೂಪನ್ನೇ ಆರಿಸಿ.

ಬಿಸಿ ಬಟ್ಟಲು ಮನಸ್ಸನ್ನೂ ಸಂತೈಸುತ್ತದೆ ಎಂಬುದು ಹಳೆಯ ತಿಳಿವಳಿಕೆ. ರೋಗಿಗಳಿಗೆ, ಮನೆಯಲ್ಲಿ ಸಾವಾಗಿ ದುಃಖದಲ್ಲಿರುವವರಿಗೆ ತಲ್ಬೀನ ಎಂಬ ಹಿಟ್ಟಿನ ಗಂಜಿಯನ್ನು ಕೊಡಲು ಹಝ್ರತ್ ಆಯಿಶಾ(ರ) ಹೇಳುತ್ತಿದ್ದರೆಂದು ಸಹೀಹ್ ಬುಖಾರಿಯಲ್ಲಿದೆ. ಸಂತೈಕೆ ಬೇಕಾಗುವುದು ರೋಗಿಗೆ ಮಾತ್ರವೇ? ಮನೆಮಂದಿಗೆಲ್ಲ ಬಡಿಸಿ ದಣಿದವಳಿಗೂ ಬೇಕು.

ಆದ್ದರಿಂದ ಸೋದರಿಯರೇ, ಸೂಪು ಅಂಗಡಿಯದಾದರೂ ಸರಿ, ನಿಂತುಕೊಂಡು ಕುಡಿಯಬೇಡಿ. ಚಾಪೆ ಹಾಸಿ ಕುಳಿತು, ಬಿಸ್ಮಿಲ್ಲಾಹ್ ಹೇಳಿ ನಿಧಾನವಾಗಿ ಕುಡಿಯಿರಿ. ಸೋದರರೇ, ಮಧ್ಯಾಹ್ನ ಮನೆಯಲ್ಲಿದ್ದರೆ ಆ ಬಟ್ಟಲನ್ನು ನೀವೇ ಮಾಡಿ ಕೊಡಿ. ನೀರು ಕಾಯಿಸಲು ಯಾರಿಗೆ ತಾನೇ ಬಾರದು?