ಜನವಿರಳ ಎಂಬ ನೆಪ

ವಿದ್ಯುತ್ ಕಾರಿನ ಮಾತು ಬಂದಾಗಲೆಲ್ಲ ಬೆಂಗಳೂರು, ಪುಣೆಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹೇಳುವುದು ಒಂದೇ ಮಾತು: "ಸರ್, ಅದು ಪಟ್ಟಣದವರ ಗಾಡಿ. ಜಮಖಂಡಿ, ಬೀಳಗಿ ಕಡೆ ನಡೆಯುವುದಿಲ್ಲ. ಜನವಿರಳ ಪ್ರದೇಶ, ಅಲ್ಲಿ ಚಾರ್ಜಿಂಗ್ ಕೇಂದ್ರ ಯಾರು ಹಾಕುತ್ತಾರೆ?" ಎರಡು ವರ್ಷಗಳಿಂದ ಅಂಥದೇ ಒಂದು ಚಿಕ್ಕ ಕಾರನ್ನು ಇದೇ ಸೀಮೆಯಲ್ಲಿ ಓಡಿಸುತ್ತಿರುವ ನಾನು ಈ ಮಾತನ್ನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ದೀರ್ಘವಾಯಿತೆಂದು ಬೇಸರಿಸಬೇಡಿ. ಗಂಟೆ ಬಾರಿಸಿದ ಮೇಲೂ ಪಾಠ ನಿಲ್ಲಿಸದವನ ಅಭ್ಯಾಸ ನಿಮಗೆ ತಿಳಿದೇ ಇದೆ.

ಮೊದಲು ಆ 'ಜನವಿರಳ' ಎಂಬ ಪದವನ್ನೇ ನೋಡೋಣ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗಗಳ ಸದ್ದಿಗೆ ಎದುರಿಗಿದ್ದವನ ಮಾತು ಕೇಳಿಸುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳದ ರಸ್ತೆಗಳಲ್ಲಿ ಎರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲನ್ನು ದಾಟಿ ಮುಂದೆ ಹೋಗುವುದೇ ಒಂದು ಸಾಹಸ. ಇದು ವಿರಳವೇ? ಬೀಳಗಿ ತಾಲ್ಲೂಕಿನ ಕೃಷ್ಣಾ ತೀರದಲ್ಲಿ ಊರುಗಳು ದೂರದೂರ ಇವೆ, ನಿಜ. ಅದಕ್ಕೆ ಕಾರಣವನ್ನೂ ಹೇಳಬೇಕಲ್ಲವೇ? ಆಲಮಟ್ಟಿಯ ಹಿನ್ನೀರಿಗೆ ಮನೆ, ಹೊಲ, ಗುಡಿ, ಗೋರಿಗಳನ್ನು ಬಿಟ್ಟುಕೊಟ್ಟು ಎದ್ದು ಬಂದವರ ಸೀಮೆ ಅದು. ಆ ಅಣೆಕಟ್ಟಿನ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಸಮೀರವಾಡಿಯಿಂದ ಹಿಡಿದು ನಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಸುಟ್ಟು ವಿದ್ಯುತ್ ತಯಾರಿಸಿ ಜಾಲಕ್ಕೆ ಮಾರುತ್ತವೆ. ನೆಲ ಕೊಟ್ಟವರು ನಾವು, ಕಬ್ಬು ಬೆಳೆದವರು ನಾವು. ಆ ವಿದ್ಯುತ್ತಿನಿಂದ ಗಾಡಿ ಓಡಿಸುವ ಯೋಗ್ಯತೆ ಮಾತ್ರ ನಮಗಿಲ್ಲವೆಂದರೆ ಅದನ್ನು ನ್ಯಾಯವೆನ್ನಲು ನನಗೆ ಬಾಯಿ ಬರುವುದಿಲ್ಲ.

ಎರಡನೆಯದಾಗಿ, ಈ ಗಾಡಿ ಪಟ್ಟಣಕ್ಕಿಂತ ನಮ್ಮಲ್ಲಿಯೇ ಹೆಚ್ಚು ಒಗ್ಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಅಳಿಯ ನಿಲುಗಡೆಯ ಜಾಗದಲ್ಲಿ ಒಂದು ಪ್ಲಗ್ಗು ಹಾಕಿಸಿಕೊಳ್ಳಲು ಸಂಘದ ಮುಂದೆ ಆರು ತಿಂಗಳು ಅರ್ಜಿ ಹಿಡಿದು ನಿಂತ. ನಮ್ಮಲ್ಲಿ ಹಾಗಲ್ಲ. ಮನೆ ನಮ್ಮದು, ಅಂಗಳ ನಮ್ಮದು, ಗೋಡೆಯೂ ನಮ್ಮದು. ಹದಿನೈದು ಆಂಪಿಯರಿನ ಒಂದು ಸಾಕೆಟ್ಟು ಇದ್ದರೆ ಸಾಕು. ಅದು ಗಂಟೆಗೆ ಮೂರು ಯೂನಿಟ್ಟಿಗೂ ಮೇಲೆ ವಿದ್ಯುತ್ ಕೊಡುತ್ತದೆ. ಇಪ್ಪತ್ತನಾಲ್ಕು ಯೂನಿಟ್ಟಿನ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೂ ರಾತ್ರಿ ಊಟ ಮಾಡಿ ಹಚ್ಚಿದರೆ ಬೆಳಗಿನ ಹೊತ್ತಿಗೆ ತುಂಬಿರುತ್ತದೆ. ನಮ್ಮ ದಿನದ ಓಡಾಟವಾದರೂ ಎಷ್ಟು? ಬನಹಟ್ಟಿಯಿಂದ ಜಮಖಂಡಿ, ಮುಧೋಳದಿಂದ ಮಹಾಲಿಂಗಪುರದ ಬೆಲ್ಲದ ಪೇಟೆ, ಹೆಚ್ಚೆಂದರೆ ಬಾಗಲಕೋಟೆಗೆ ಹೋಗಿ ಬರುವುದು. ಕಂಪನಿಯ ಜಾಹೀರಾತು ಮುನ್ನೂರು ಕಿಲೋಮೀಟರ್ ಎಂದರೆ ನಮ್ಮ ರಸ್ತೆಯಲ್ಲಿ, ನಮ್ಮ ಬಿಸಿಲಿನಲ್ಲಿ ಇನ್ನೂರು ಎಂದು ತಿಳಿಯಿರಿ. ಅಷ್ಟಾದರೂ ಸಾಕು.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರಿನಂತೆ ತಿಂಗಳಿಗೆ ಸಾವಿರ ಕಿಲೋಮೀಟರಿಗೆ ಸುಮಾರು 145 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಒಂಬೈನೂರರ ಆಸುಪಾಸು. ಅಷ್ಟೇ ದೂರಕ್ಕೆ ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಐವತ್ತೈದು ಲೀಟರ್ ಬೇಕು, ಅಂದರೆ ಐದೂವರೆ ಸಾವಿರಕ್ಕೂ ಮೇಲೆ. ಕಾರಿನ ಬೆಲೆ ಹೆಚ್ಚೆಂಬುದು ದಿಟ. ಆದರೆ ತಿಂಗಳಿಗೆ ನಾಲ್ಕೂವರೆ ಸಾವಿರ ಉಳಿದರೆ ಅದು ಎಷ್ಟು ವರ್ಷಕ್ಕೆ ತೀರುತ್ತದೆ ಎಂಬ ಭಾಗಾಕಾರವನ್ನು ಏಳನೆಯ ತರಗತಿಯವನೂ ಮಾಡಬಲ್ಲ.

ಹಾಗಾದರೆ ಅಡ್ಡಿ ಎಲ್ಲಿದೆ? ಅಡ್ಡಿ ಇರುವುದು ತಂತಿಯಲ್ಲಿ, ಕಾಗದದಲ್ಲಿ ಮತ್ತು ರಸ್ತೆಯಲ್ಲಿ.

ತಂತಿಯ ವಿಷಯ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯಿಂದ ಪ್ರತ್ಯೇಕ ಮಾರ್ಗ ಬಂದು ಉಪಕಾರವಾಯಿತು. ತೋಟದ ಮನೆಗಳವರ ಪಾಡು ಬೇರೆ. ಪಂಪ್‌ಸೆಟ್ಟಿನ ಮಾರ್ಗದಲ್ಲಿ ಮೂರು ಫೇಜಿನ ವಿದ್ಯುತ್ ಏಳು ಗಂಟೆ, ರಾತ್ರಿ ದೀಪಕ್ಕೆಂದು ಒಂದೇ ಫೇಜು. ಕಾರಿಗೆ ಒಂದು ಫೇಜೇ ಸಾಕು. ಆದರೆ ನಮ್ಮವರೇ ಕೆಲವರು ಕಂಡೆನ್ಸರು ಜೋಡಿಸಿ ಅದರಲ್ಲಿಯೂ ಮೋಟಾರು ಓಡಿಸುತ್ತಾರೆ. ವೋಲ್ಟೇಜು ಕುಸಿದು ಬಲ್ಬು ಕೆಂಡದಂತಾಗುತ್ತದೆ, ಕಾರಿನ ಚಾರ್ಜರು ತಾನಾಗಿಯೇ ನಿಂತುಬಿಡುತ್ತದೆ. ಇದರಲ್ಲಿ ಇಲಾಖೆಯನ್ನು ಮಾತ್ರ ಬೈದರೆ ಅರ್ಧ ಸತ್ಯವಾದೀತು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಂತೂ ಚಾರ್ಜರು ಶುರುವಾಗುವುದೇ ಇಲ್ಲ. ಹಳೆಯ ಮನೆಯವರು ಮೊದಲು ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ, ಬೇಸಗೆಯಲ್ಲಿ ಅದಕ್ಕೆ ಎರಡು ಕೊಡ ನೀರು ಸುರಿಯಲಿ. ನಮ್ಮ ಎರೆಮಣ್ಣು ಏಪ್ರಿಲಿನಲ್ಲಿ ಬಿರುಕು ಬಿಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾಗದದ ವಿಷಯ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಎಂಬತ್ತು ಯೂನಿಟ್ ಉರಿಸುವ ಮನೆಗೆ ಕಾರಿನ 145 ಸೇರಿದರೆ ಗಡಿ ದಾಟುತ್ತದೆ, ಮನೆಯ ದೀಪದ ರಿಯಾಯಿತಿಯೂ ಹೋಗುತ್ತದೆ. ಕಾರಿಗೆ ಪುಕ್ಕಟೆ ವಿದ್ಯುತ್ ಕೊಡಿ ಎಂದು ನಾನು ಕೇಳುತ್ತಿಲ್ಲ, ಕೇಳುವುದು ಸಲ್ಲದು. ಕಾರಿನ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ ಇರಲಿ ಎಂದಷ್ಟೇ ಕೇಳುತ್ತೇನೆ. ಇದಕ್ಕೆ ದಾರಿಯೂ ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿ, ವಾಹನ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಪಡೆಯುವ ಹಕ್ಕನ್ನು ಕೊಟ್ಟಿದೆ. ಹೊಸ ಸಂಪರ್ಕಕ್ಕೆ ಹಳ್ಳಿಗಳಲ್ಲಿದ್ದ ಗಡುವನ್ನು ಮೂವತ್ತು ದಿನಗಳಿಂದ ಹದಿನೈದಕ್ಕೆ ಇಳಿಸಿದ್ದೂ ಅದೇ ತಿದ್ದುಪಡಿ. ಈ ನಿಯಮದ ಪ್ರತಿಯನ್ನು ಕೈಯಲ್ಲಿ ಹಿಡಿದು ನಾನು ಹೋದ ಕಚೇರಿಯೊಂದರಲ್ಲಿ "ಅಂಥದ್ದು ನಮಗೆ ಬಂದಿಲ್ಲ ಬಿಡ್ರಿ" ಎಂಬ ಉತ್ತರ ಸಿಕ್ಕಿತು. ಹಕ್ಕು ದೆಹಲಿಯಲ್ಲಿ ಹುಟ್ಟಿ ತಾಲ್ಲೂಕಿಗೆ ನಡೆದುಕೊಂಡು ಬರುತ್ತಿರಬೇಕು!

ರಸ್ತೆಯ ವಿಷಯವೇ ಎಲ್ಲಕ್ಕಿಂತ ಗಂಭೀರವಾದದ್ದು. ನಮ್ಮ ಕಡೆಯವರು ದೂರ ಹೋಗುವುದು ವಿಹಾರಕ್ಕಲ್ಲ, ದವಾಖಾನೆಗೆ. ಮಿರಜ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿ. ಮಕ್ಕಳೆಲ್ಲ ಪರಊರಿನಲ್ಲಿರುವ ಮುದುಕ ದಂಪತಿಗಳು ಈಗ ಪ್ರತಿ ಊರಿನಲ್ಲಿದ್ದಾರೆ, ನಾವೂ ಅವರಲ್ಲೊಬ್ಬರು. ರಾತ್ರಿ ಎದೆ ಹಿಡಿದುಕೊಂಡರೆ "ಬ್ಯಾಟರಿ ಎಷ್ಟಿದೆ" ಎಂದು ನೋಡುವ ಸ್ಥಿತಿ ಯಾರಿಗೂ ಬರಬಾರದು. ಹೆದ್ದಾರಿಗಳ ಎರಡೂ ಬದಿಗೆ ಪ್ರತಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ 2018ರಲ್ಲಿಯೇ ಹೇಳಿತ್ತು. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲಿಯೇ ಮೊದಲು ತಂದ ರಾಜ್ಯ ನಮ್ಮದು. 2024ರ ಲೆಕ್ಕದಲ್ಲಿ ಐದು ಸಾವಿರಕ್ಕೂ ಮೇಲ್ಪಟ್ಟ ಸಾರ್ವಜನಿಕ ಕೇಂದ್ರಗಳೊಂದಿಗೆ ದೇಶಕ್ಕೇ ಮೊದಲಿಗರಾಗಿದ್ದೆವು. ಅವುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದವು! ಇದನ್ನು ರಾಜ್ಯದ ಸಾಧನೆ ಎನ್ನುವುದಾದರೆ, ತರಗತಿಯಲ್ಲಿ ಒಬ್ಬನೇ ನೂರಕ್ಕೆ ನೂರು ತೆಗೆದು ಉಳಿದವರೆಲ್ಲ ನಪಾಸಾದದ್ದನ್ನೂ ಶಾಲೆಯ ಸಾಧನೆ ಎನ್ನಬೇಕಾದೀತು.

ಇದ್ದ ಯಂತ್ರಗಳ ಗತಿಯೂ ಹೇಳುವಂತಿಲ್ಲ. ನಾನು ನೆಚ್ಚಿಕೊಂಡು ಹೋದ ಒಂದು ಯಂತ್ರ ಮೂರು ಸಲವೂ ಕೆಟ್ಟಿತ್ತು. ಮೊಬೈಲಿನಲ್ಲಿ ಮಾತ್ರ ಅದು ಹಸಿರು ಬಣ್ಣದಲ್ಲಿ ಸದಾ ಆರೋಗ್ಯವಾಗಿತ್ತು. ರಿಬ್ಬನ್ನು ಕತ್ತರಿಸುವವರಿದ್ದಾರೆ, ಫ್ಯೂಸು ಬದಲಿಸುವವರಿಲ್ಲ.

"ಕಾರುಗಳಿಲ್ಲ, ಅದಕ್ಕೇ ಕೇಂದ್ರಗಳಿಲ್ಲ" ಎಂಬುದು ಅವರ ಸಮರ್ಥನೆ. ಕೇಂದ್ರಗಳಿಲ್ಲದ್ದರಿಂದಲೇ ಕಾರುಗಳಿಲ್ಲ ಎಂಬುದು ನಮ್ಮ ಉತ್ತರ. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ಗಂಡನ ಹೊಸ ಮೋಟಾರು ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನೂರು ಕಿಲೋಮೀಟರ್ ಹೋದಾಗ ಜಗತ್ತಿನಲ್ಲಿ ಒಂದೂ ಪೆಟ್ರೋಲ್ ಪಂಪು ಇರಲಿಲ್ಲ. ದಾರಿಯ ಊರಿನ ಔಷಧ ಅಂಗಡಿಯಲ್ಲಿ ಇಂಧನ ಕೊಂಡಳು. ನಮ್ಮ ಊರುಗಳಲ್ಲಿಯೂ ಅಂಥ ಅಂಗಡಿಗಳಾಗಬಹುದು. ಚಾರ್ಜಿಂಗ್ ಕೇಂದ್ರ ನಡೆಸಲು ಲೈಸೆನ್ಸು ಬೇಕಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ಸ್ಪಷ್ಟಪಡಿಸಿದೆ. ರಸ್ತೆ ಬದಿಯ ಖಾನಾವಳಿ, ಸಹಕಾರಿ ಸಂಘ, ಸಕ್ಕರೆ ಕಾರ್ಖಾನೆಯ ಗೇಟು ಯಾವುದಾದರೂ ಆದೀತು.

"ಗುರುಗಳೇ, ಕಾರು ಉಳ್ಳವರ ಚಿಂತೆ, ಬಡವರಿಗೆ ಬಸ್ಸು ಬೇಕು" ಎನ್ನುವವರೂ ಇದ್ದಾರೆ. ಬಸ್ಸು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಾರ್ಜಿಂಗ್ ಕೇಂದ್ರ ಕಾರಿಗೆ ಮಾತ್ರವಲ್ಲ. ಸೀರೆಯ ಗಂಟು ಹೊರುವ ನೇಕಾರನ ಸ್ಕೂಟರು, ತರಕಾರಿಯವನ ಮೂರು ಗಾಲಿಯ ಗಾಡಿ ನಿಲ್ಲುವುದೂ ಅಲ್ಲಿಯೇ. ಸುಸ್ಥಿರ ವೋಲ್ಟೇಜು ಬಂದರೆ ಮೊದಲ ಲಾಭ ಮಗ್ಗಕ್ಕೆ, ಆಮೇಲೆ ಕಾರಿಗೆ.

ನಾನು ಕೇಳುವುದು ಇಷ್ಟು: ನಾಲ್ಕೂ ತಾಲ್ಲೂಕು ಕೇಂದ್ರಗಳ ಸರ್ಕಾರಿ ಆಸ್ಪತ್ರೆ ಅಥವಾ ಬಸ್ ನಿಲ್ದಾಣದ ಬಳಿ ಕೆಲಸ ಮಾಡುವ ಒಂದೊಂದು ವೇಗದ ಚಾರ್ಜರು, ಅದರ ಮೇಲೆ ಹೊಣೆಗಾರನ ದೂರವಾಣಿ ಸಂಖ್ಯೆ, ಕೇಳಿದವರಿಗೆ ಹದಿನೈದು ದಿನಗಳಲ್ಲಿ ಪ್ರತ್ಯೇಕ ಮೀಟರು. 2024ರಲ್ಲಿ ಆರಂಭವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ ಎರಡು ಸಾವಿರ ಕೋಟಿ ರೂಪಾಯಿ ತೆಗೆದಿರಿಸಿದ್ದರು. ಅಂಥ ಹಣ ಬಂದಾಗಲೆಲ್ಲ ಕೇಳುವ ಬಾಯಿ ನಮ್ಮ ಕಡೆಯಿಂದ ತೆರೆಯುವುದಿಲ್ಲ, ಅದೇ ದುಃಖ.

ಮುಧೋಳ ಸೀಮೆಯ ಬೆಳಗಲಿಯ ಬಳೆಗಾರರ ಮಗ ರನ್ನ ಸಾವಿರ ವರ್ಷಗಳ ಹಿಂದೆ ವಿದ್ಯೆಗಾಗಿ ದೂರದ ಶ್ರವಣಬೆಳಗೊಳಕ್ಕೆ ಹೋಗಬೇಕಾಯಿತು. ಆಗ ಬೇರೆ ದಾರಿಯಿರಲಿಲ್ಲ. ಈಗಲೂ ಪ್ರತಿಯೊಂದಕ್ಕೂ ತೆಂಕಣಕ್ಕೆ ಮುಖ ಮಾಡಿ ನಿಲ್ಲುವ ಗತಿಯೇಕೆ? ನನ್ನ ಶಿಷ್ಯರಲ್ಲಿ ವಿದ್ಯುತ್ ಇಲಾಖೆಯ ಎಂಜಿನಿಯರುಗಳಿದ್ದೀರಿ, ಪುರಸಭೆಯ ಸದಸ್ಯರಿದ್ದೀರಿ, ಕಾರ್ಖಾನೆಗಳಲ್ಲಿ ದೊಡ್ಡ ಹುದ್ದೆಯಲ್ಲಿರುವವರಿದ್ದೀರಿ. ಇದನ್ನು ಓದಿ "ಸರ್ ಚೆನ್ನಾಗಿ ಬರೆದಿದ್ದಾರೆ" ಎಂದು ಸುಮ್ಮನಾಗಬೇಡಿ. ನಿಮ್ಮ ನಿಮ್ಮ ಕಚೇರಿಯಲ್ಲಿ ಒಂದು ಅರ್ಜಿಯನ್ನು ಮುಂದಕ್ಕೆ ಸರಿಸಿ, ಆಮೇಲೆ ನನಗೆ ಬರೆಯಿರಿ.