ಆಕಾಶಕ್ಕೂ ಜಾತಿ ಹಚ್ಚಿದವರು

ಬೆಂಗಳೂರಿನ ದಕ್ಷಿಣ ಭಾಗವನ್ನು ಅನ್ಯಲೋಕದ ಸಾಮ್ರಾಜ್ಯವೊಂದು ಆಳುತ್ತಿದೆ. ತಮಾಷೆಗೆ ಹೇಳುತ್ತಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಪಾಲಿಕೆಯ ತೆರಿಗೆ ಬಾಕಿ ಇಟ್ಟುಕೊಂಡು ವರ್ಷಗಟ್ಟಲೆ ಬದುಕಬಹುದು. ಆದರೆ ಈ ಸಾಮ್ರಾಜ್ಯಕ್ಕೆ ಕಪ್ಪ ಕೊಡದೆ ಗೃಹಪ್ರವೇಶ ಆಗುವುದಿಲ್ಲ, ಮಗಳ ಮದುವೆ ಆಗುವುದಿಲ್ಲ, ಹೊಸ ಕಾರು ಷೋರೂಮಿನ ಬಾಗಿಲು ದಾಟುವುದಿಲ್ಲ. ಅದರ ದೊರೆ ಇಲ್ಲಿಂದ 15 ಕೋಟಿ ಕಿಲೋಮೀಟರ್ ದೂರದಲ್ಲಿ ಉರಿಯುತ್ತಿದ್ದಾನೆ. ಅದರ ಇಬ್ಬರು ಮಹಾ ಮಾಂಡಲಿಕರು, ರಾಹು ಮತ್ತು ಕೇತು, ಎಲ್ಲೂ ಇಲ್ಲ. ಚಂದ್ರನ ದಾರಿಯೂ ಸೂರ್ಯನ ದಾರಿಯೂ ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳು, ಅಷ್ಟೇ. ಆದರೂ ಹಗಲಿನ 12 ಗಂಟೆಯಲ್ಲಿ ಒಂದೂವರೆ ಗಂಟೆ ರಾಹುವಿನದು. ಯಮಗಂಡ, ಗುಳಿಕ ಸೇರಿಸಿದರೆ ದಿನಕ್ಕೆ ನಾಲ್ಕೂವರೆ ಗಂಟೆ. ಬ್ರಿಟಿಷರೂ ಇಷ್ಟು ಹೊತ್ತು ಜಪ್ತಿ ಮಾಡಿರಲಿಲ್ಲ.

ಸಾಮ್ರಾಜ್ಯ ಎಂಬ ಮಾತು ನನ್ನ ಸಿಟ್ಟಿನ ಅಲಂಕಾರ ಅಂದುಕೊಳ್ಳಬೇಡಿ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ಗ್ರಹಗಳ ಆಸ್ಥಾನವನ್ನು ಕುರ್ಚಿ ಹಾಕಿ ಕೂರಿಸಿದ್ದಾನೆ. ಸೂರ್ಯ ಚಂದ್ರರು ಅರಸರು, ಕುಜ ದಂಡನಾಯಕ, ಬುಧ ಯುವರಾಜ, ಗುರು ಶುಕ್ರರು ಮಂತ್ರಿಗಳು. ಶನಿ? ಶನಿ ಆಳು. ಮಂತ್ರಿಗಳಿಬ್ಬರೂ ಬ್ರಾಹ್ಮಣರ ಒಡೆಯರು, ಸೂರ್ಯ ಕುಜರು ಕ್ಷತ್ರಿಯರ ಒಡೆಯರು, ಚಂದ್ರ ವೈಶ್ಯರಿಗೆ, ಬುಧ ಶೂದ್ರರಿಗೆ. ಶನಿಯ ಪಾಲಿಗೆ ಬಂದವರು ಅಂತ್ಯಜರು. ಕಣ್ಣಿಗೆ ಕಂಡದ್ದು ಬೆಳಕಿನ ಚುಕ್ಕಿಗಳು ಮಾತ್ರ. ಆ ಚುಕ್ಕಿಗಳಿಗೂ ಅಗ್ರಹಾರ ಕಟ್ಟಿ, ಊರಾಚೆ ಕೇರಿ ಕಟ್ಟಿ, ಕೇರಿಯವನಿಗೆ ಕಪ್ಪು ಬಣ್ಣ ಬಳಿದು ಬಂದ ಕೈಗಳ ಶ್ರದ್ಧೆಯನ್ನು ಮೆಚ್ಚಲೇಬೇಕು.

ಈಗ ಒಂದು ವಿಚಿತ್ರ ನೋಡಿ. ಈ ಆಸ್ಥಾನದಲ್ಲಿ ಜನ ಅತಿ ಹೆಚ್ಚು ಹೆದರುವುದು ಅರಸನಿಗಲ್ಲ, ದಂಡನಾಯಕನಿಗೂ ಅಲ್ಲ, ಆಳಿಗೆ. ಶನಿವಾರ ಎಳ್ಳೆಣ್ಣೆ, ಸಾಡೇಸಾತಿಗೆ ಹೋಮ, ಅಷ್ಟಮ ಶನಿಗೆ ಶಾಂತಿ. ಯಾಕೆ? ಕೆಳಗಿದ್ದವನಿಗೆ ಸಿಟ್ಟು ಬರಲು ಕಾರಣವಿದೆ ಎಂಬುದು ಮೇಲೆ ಕೂತವರಿಗೆ ಯಾವತ್ತೂ ಗೊತ್ತಿತ್ತು ಅನ್ನಿಸುತ್ತದೆ ನನಗೆ. ಅವನ ಕೂಲಿ ಕೊಡುವುದಕ್ಕಿಂತ ಎಣ್ಣೆ ಎರೆಯುವುದು ಅಗ್ಗ. ಲೆಕ್ಕವೂ ಚೆನ್ನಾಗಿದೆ. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಸಾಡೇಸಾತಿ ಒಂದು ಹೊತ್ತಿಗೆ 12 ರಾಶಿಗಳಲ್ಲಿ 3ನ್ನು ಹಿಡಿಯುತ್ತದೆ. ಅಂದರೆ ಯಾವ ಕಾಲದಲ್ಲಿ ನೋಡಿದರೂ ಊರಿನ ನಾಲ್ಕು ಪಾಲಿನಲ್ಲಿ ಒಂದು ಪಾಲು ಜನ ಹೆದರಿಕೊಂಡಿರಬೇಕು. ಸರ್ಕಾರದ ಯಾವ ತೆರಿಗೆ ಇಲಾಖೆಗೂ ಇಂಥ ಖಾತ್ರಿ ಆದಾಯವಿಲ್ಲ.

ನಮ್ಮ ಹುಡುಗರು ಮಾಲುಗಳಲ್ಲಿ 'ಡ್ಯೂನ್' ಸಿನಿಮಾ ನೋಡಿ ಬರುತ್ತಾರೆ. 1965ರಲ್ಲಿ ಫ್ರಾಂಕ್ ಹರ್ಬರ್ಟ್ ಬರೆದ ಕಾದಂಬರಿ ಅದಕ್ಕೆ ಮೂಲ. ಅದರಲ್ಲೊಂದು ಮಹಿಳೆಯರ ಮಠವಿದೆ. ತಮ್ಮವರು ಮುಂದೆಂದೋ ಕಷ್ಟದಲ್ಲಿ ಬಂದಿಳಿದರೆ ಉಪಯೋಗಕ್ಕಿರಲಿ ಎಂದು ಪರಗ್ರಹಗಳ ಜನರಲ್ಲಿ, ಮರುಭೂಮಿಯ ಗ್ರಹದವರಲ್ಲೂ, ಮೊದಲೇ ಭವಿಷ್ಯವಾಣಿಗಳನ್ನು ಬಿತ್ತಿಟ್ಟಿರುತ್ತದೆ. ಎಂಥಾ ಕುತಂತ್ರ ಅಂತ ಬಾಯಿ ಚಪ್ಪರಿಸುವ ಹುಡುಗ, ಹೊಸ ಬೈಕಿನ ಡೆಲಿವರಿಗೆ ಹೊರಟಾಗ ಮೊಬೈಲಿನಲ್ಲಿ ರಾಹುಕಾಲ ನೋಡುತ್ತಾನೆ. ತೆರೆಯ ಮೇಲಿನ ಮರುಭೂಮಿಯವರು ಮಾತ್ರ ಮೂಢರು.

ಈ ಸಾಮ್ರಾಜ್ಯದ ನಿಜವಾದ ತೆರಿಗೆ ವಸೂಲಿ ಆಗುವುದು ಹೆಣ್ಣುಮಕ್ಕಳಿಂದ. 36 ಗುಣಗಳ ಅಷ್ಟಕೂಟ ತೆಗೆಯಿರಿ. ಮೊದಲನೆಯ ಕೂಟದ ಹೆಸರೇ ವರ್ಣ. ಕರ್ಕಾಟಕ, ವೃಶ್ಚಿಕ, ಮೀನ ಬ್ರಾಹ್ಮಣ ರಾಶಿಗಳು. ಮಿಥುನ, ತುಲಾ, ಕುಂಭ ಶೂದ್ರ ರಾಶಿಗಳು. ಗಂಡಿನ ವರ್ಣ ಹೆಣ್ಣಿನದಕ್ಕೆ ಸಮ ಇರಬೇಕು, ಇಲ್ಲವೇ ಮೇಲಿರಬೇಕು. ಜಾತಿ ನೋಡಿ, ಉಪಜಾತಿ ನೋಡಿ, ಗೋತ್ರ ನೋಡಿ ಜರಡಿ ಹಿಡಿದ ಮೇಲೂ ಉಳಿದ ಹುಡುಗಿಯನ್ನು ಆಕಾಶದಲ್ಲಿ ಇನ್ನೊಮ್ಮೆ ಜಾತಿಗೆ ಹಾಕುತ್ತಾರೆ. ಆಮೇಲೆ ಗಣ: ಅವಳು ದೇವಗಣವೋ, ಮನುಷ್ಯಗಣವೋ, ರಾಕ್ಷಸಗಣವೋ. ಮೂಲಾ ನಕ್ಷತ್ರದವಳು ಮಾವನನ್ನು ತಿನ್ನುತ್ತಾಳೆ, ಆಶ್ಲೇಷದವಳು ಅತ್ತೆಯನ್ನು, ಜ್ಯೇಷ್ಠಾದವಳು ಭಾವನನ್ನು, ವಿಶಾಖಾದವಳು ಮೈದುನನನ್ನು. ಗಂಡಿನ ನಕ್ಷತ್ರ ಯಾರನ್ನಾದರೂ ತಿಂದ ಸುದ್ದಿಯನ್ನು ಮದುವೆ ಮಾತುಕತೆಯಲ್ಲಿ ನಾನಂತೂ ಕೇಳಿಲ್ಲ.

ಕುಜದೋಷದ ಗಣಿತ ಇನ್ನೂ ಸೊಗಸು. ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿ ಕುಜ ಇದ್ದರೆ ದೋಷ. ಹನ್ನೆರಡರಲ್ಲಿ ಐದು ಮನೆ. ಅಂದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟುವಾಗಲೇ ದೋಷಿಗಳು! ಲಗ್ನ ಸಾಲದೆ ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುವವರಿದ್ದಾರೆ. ಆಗ ತಪ್ಪಿಸಿಕೊಳ್ಳುವವರೇ ವಿರಳ. ಪರಿಹಾರ ಕೇಳಿ: ಹುಡುಗಿಗೆ ಮೊದಲು ಮಣ್ಣಿನ ಕುಂಭದ ಜೊತೆ, ಇಲ್ಲವೇ ಬಾಳೆಗಿಡದ ಜೊತೆ ಮದುವೆ. ಬಾಳೆಗಿಡ ಕಡಿದ ಮೇಲೆ ಅವಳು ವಿಧವೆಯಾದಳು, ಗಂಡಾಂತರ ಕಳೆಯಿತು, ಇನ್ನು ಗಂಡಿಗೆ ಭಯವಿಲ್ಲ. ಎಂ.ಟೆಕ್. ಓದಿ, ಬನ್ನೇರುಘಟ್ಟ ರಸ್ತೆಯ ಕಂಪನಿಯಲ್ಲಿ ಅಪ್ಪನಿಗಿಂತ ಹೆಚ್ಚು ಸಂಬಳ ತರುವ ಮಗಳನ್ನು ಬಾಳೆಗಿಡದ ಮುಂದೆ ತಲೆ ತಗ್ಗಿಸಿ ಕೂರಿಸುವ ಅಪ್ಪಂದಿರು ಇದೇ ಬಡಾವಣೆಗಳಲ್ಲಿ ಇದ್ದಾರೆ. ಅವರಲ್ಲಿ ಅನೇಕರು ವಿಜ್ಞಾನದ ಪದವೀಧರರು.

ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಿಂದ ಮಾಡಿದರು. ಪುರೋಹಿತನಿಲ್ಲ, ಲಗ್ನವಿಲ್ಲ, ಕೂಟವಿಲ್ಲ. ಅದಕ್ಕೂ ಎಂಟು ನೂರು ವರ್ಷ ಮೊದಲು ಬಸವಣ್ಣ ತಾರಾಬಲ ಚಂದ್ರಬಲಗಳನ್ನು ಕಾಲ ಕಸ ಮಾಡಿದ್ದ. ಅವನ ಹೆಸರಿನ ವೃತ್ತಗಳು ಊರ ತುಂಬಾ ಇವೆ. ಅವನ ಅನುಯಾಯಿಗಳ ಲಗ್ನಪತ್ರಿಕೆ ಓದಿ: ಇಂಥ ಲಗ್ನ, ಇಂಥ ನವಾಂಶ, ಇಷ್ಟು ಗಂಟೆ ಇಷ್ಟು ನಿಮಿಷ.

ಮೀನ ರಾಶಿಯಲ್ಲಿ ಹುಟ್ಟಿದ ದಲಿತ ಹುಡುಗನೊಬ್ಬ ಜಯನಗರದಲ್ಲಿ ಬಾಡಿಗೆ ಮನೆ ಕೇಳಲು ಹೋಗಲಿ. ಪಂಚಾಂಗದ ಪ್ರಕಾರ ಅವನು ಬ್ರಾಹ್ಮಣ. ಗೇಟಿನ ಒಳಗಿಂದ ಬರುವ ಪ್ರಶ್ನೆ ಮಾತ್ರ "ನೀವು ಯಾವ ಜನ?" ಅಷ್ಟು ನೇರವಾಗಿ ಕೇಳಲು ನಾಚಿಕೆಯಾದವರು "ವೆಜ್ಜಾ, ನಾನ್‌ವೆಜ್ಜಾ?" ಅನ್ನುತ್ತಾರೆ. ಮೇಲಿನ ವರ್ಣ ಕೆಳಗೆ ಚಲಾವಣೆಯಾಗುವುದಿಲ್ಲ. ಕೆಳಗಿನ ಜಾತಿ ಮಾತ್ರ ಮೇಲಿನವರೆಗೂ ಬೆನ್ನಟ್ಟುತ್ತದೆ. ವಾಸ್ತುವಿನ ಕತೆಯೂ ಇದೇ. ಶಾಸ್ತ್ರದಲ್ಲಿ ಮಣ್ಣಿಗೂ ವರ್ಣವಿದೆ: ಬಿಳಿ ಮಣ್ಣು ಬ್ರಾಹ್ಮಣರಿಗೆ, ಕೆಂಪು ಕ್ಷತ್ರಿಯರಿಗೆ, ಹಳದಿ ವೈಶ್ಯರಿಗೆ, ಕಪ್ಪು ಶೂದ್ರರಿಗೆ. ಬೆಂಗಳೂರಿನದು ಕೆಂಪು ಮಣ್ಣು. ಹಾಗಾದರೆ ಬೈರಸಂದ್ರ, ತಾವರೆಕೆರೆ, ಮಡಿವಾಳದ ಹೊಲಗಳನ್ನು ನುಂಗಿ ಎದ್ದ ಬಿಟಿಎಂನಲ್ಲಿ ಕ್ಷತ್ರಿಯರ ಹೊರತು ಬೇರೆ ಯಾರೂ ಪಾಯ ತೋಡಕೂಡದು. ಆ ಪುಟವನ್ನು ಯಾವ ವಾಸ್ತು ಪಂಡಿತನೂ ತೆರೆಯುವುದಿಲ್ಲ. ಸೈಟಿನ ಬೆಲೆ ಗೊತ್ತಿದೆಯಲ್ಲ.

ನನ್ನ ಸಿಟ್ಟು ಬನಶಂಕರಿ ಅಮ್ಮನ ಗುಡಿಯ ಮುಂದೆ ನಿಂಬೆಹಣ್ಣು ಹೋಳು ಮಾಡುವ ಹೆಂಗಸಿನ ಮೇಲಿಲ್ಲ. ಕನಕಪುರ ರಸ್ತೆಯ ಆ ಗುಡಿ 1915ರದು. ಮಂಗಳವಾರ, ಶುಕ್ರವಾರ, ಭಾನುವಾರ, ಸರಿಯಾಗಿ ರಾಹುಕಾಲದಲ್ಲಿ, ನಿಂಬೆಯ ಹೋಳನ್ನು ಮಗುಚಿ ಎಣ್ಣೆ ಬತ್ತಿ ಹಾಕಿ ದೀಪ ಹಚ್ಚುತ್ತಾರೆ. ಪಂಚಾಂಗದವರು ಕೆಟ್ಟದ್ದೆಂದು ಬಿಸುಟ ಹೊತ್ತನ್ನೇ ಎತ್ತಿಕೊಂಡು ತಮ್ಮ ಅಮ್ಮನಿಗೆ ಕೊಟ್ಟ ಹೆಂಗಸರು ಇವರು. ಅದರಲ್ಲೊಂದು ಮೊಂಡು ಬಂಡಾಯವಿದೆ. ಗಾರ್ಮೆಂಟ್ಸಿನಲ್ಲಿ ದುಡಿದು, ಕುಡುಕ ಗಂಡನ ಏಟು ತಿಂದು ಬಂದವಳಿಗೆ ಪೊಲೀಸ್ ಠಾಣೆಯಲ್ಲಿ ಸಿಗದ ಕಿವಿ ಅಲ್ಲಿ ಸಿಗುತ್ತದೆ ಎಂದರೆ ನಾಚಬೇಕಾದವರು ನಾವು. ನನ್ನ ತಕರಾರು ಹೆದರಿಸಿ ಹಣ ಎಣಿಸುವವರ ಜೊತೆ.

ದೋಷ ಕಳೆದುಕೊಳ್ಳುವ ಬಗೆಯನ್ನೂ ನೋಡಿ. ಅಮಾವಾಸ್ಯೆ ದಿನ, ಆಯುಧಪೂಜೆ ದಿನ, ಬೂದುಗುಂಬಳಕ್ಕೆ ಕುಂಕುಮ ತುಂಬಿ, ಕಾರಿಗೆ ಅಂಗಡಿಗೆ ಇಳಿ ತೆಗೆದು, ನಡುರಸ್ತೆಯಲ್ಲಿ ಒಡೆಯುತ್ತಾರೆ. ಒಳಗಿನ ಅನಿಷ್ಟವೆಲ್ಲ ಅದಕ್ಕಿಳಿದಿದೆ, ಇನ್ನು ಅದನ್ನು ತುಳಿದವರಿಗೆ ತಗಲುತ್ತದೆ ಎಂಬ ನಂಬಿಕೆಯಿಂದಲೇ ಒಡೆಯುತ್ತಾರೆ! ಬೈಕಿನವರು ಜಾರಿ ಬೀಳುವುದು ಒಂದು ಕಡೆ. ಮರುದಿನ ಬೆಳಕು ಹರಿಯುವ ಮುಂಚೆ ಆ ಚೂರುಗಳನ್ನು ಬಳಿಯುವವರು ಪೌರಕಾರ್ಮಿಕರು, ಬಹುಪಾಲು ದಲಿತ ಹೆಂಗಸರು. ಬಡಾವಣೆಯ ಸಾವಿರಾರು ಮನೆಗಳ ಶನಿ, ರಾಹು, ಕೆಟ್ಟಕಣ್ಣು ಎಲ್ಲವನ್ನೂ ತಳ್ಳುಗಾಡಿಯಲ್ಲಿ ಹೊತ್ತೊಯ್ಯುವ ಆಕೆಗೆ ಯಾರೂ ಶಾಂತಿ ಮಾಡಿಸುವುದಿಲ್ಲ. ದೋಷ ಕೂಡ ಜಾತಿಯ ಮೆಟ್ಟಿಲು ಹಿಡಿದೇ ಕೆಳಗಿಳಿಯುತ್ತದೆ. ಆಕೆ ನೀರು ಕೇಳಿದರೆ ಪ್ಲಾಸ್ಟಿಕ್ ಲೋಟ ಹುಡುಕುವ ಮನೆಗಳು ಇಂದಿಗೂ ಇವೆ.

ವಿಜ್ಞಾನದ ಕೊರತೆಯಿಂದ ಇದೆಲ್ಲ ಆಗುತ್ತಿದೆ ಅಂತ ಯಾರಾದರೂ ಹೇಳಿದರೆ ನಗು ಬರುತ್ತದೆ. 499ರಲ್ಲೇ ಆರ್ಯಭಟ ಗ್ರಹಣ ನೆರಳಿನಾಟ ಅಂದ. ಜಾತಕ ಬರೆದ ವರಾಹಮಿಹಿರನೇ ಬೃಹತ್ಸಂಹಿತೆಯಲ್ಲಿ ರಾಹು ನುಂಗುವ ಕತೆಯನ್ನು ಒಪ್ಪಲಿಲ್ಲ. 628ರ ಬ್ರಹ್ಮಗುಪ್ತ, ಗ್ರಹಣದ ಲೆಕ್ಕವನ್ನು ಕರಾರುವಾಕ್ಕಾಗಿ ಹಾಕಬಲ್ಲವನು, ವೇದ ಸ್ಮೃತಿಗಳಿಗೆ ವಿರುದ್ಧ ಅಂತ ಅವರಿಬ್ಬರನ್ನೂ ಬೈದು ರಾಹುವನ್ನು ವಾಪಸು ಕರೆತಂದ. ಗೊತ್ತಿದ್ದವನೇ ಹೀಗೆ ಮಾಡಿದ್ದು. ಆ ಪರಂಪರೆ ಗಟ್ಟಿಯಾಗಿದೆ. 2023ರ ಜುಲೈನಲ್ಲಿ ಚಂದ್ರಯಾನ-3 ಹಾರುವ ಮುನ್ನಾದಿನ ಇಸ್ರೋ ವಿಜ್ಞಾನಿಗಳ ತಂಡ ಅದರ ಪುಟ್ಟ ಮಾದರಿ ಹಿಡಿದು ತಿರುಮಲೆಗೆ ಹೋಯಿತು. ಆಗಸ್ಟ್ 23ರಂದು ನೌಕೆ ಇಳಿಯಿತು. ಮೂರೇ ದಿನಕ್ಕೆ ಇದೇ ಊರಿನ ಇಸ್ರೋ ಕೇಂದ್ರದಲ್ಲಿ ನಿಂತು ಪ್ರಧಾನಿ ಆ ಜಾಗಕ್ಕೆ 'ಶಿವಶಕ್ತಿ' ಅಂತ ಹೆಸರಿಟ್ಟರು. ಆರ್ಯಭಟನ ಹೆಸರು ಯಾರಿಗೂ ನೆನಪಾಗಲಿಲ್ಲ.

ಬಿಟಿಎಂ ಪಕ್ಕದ ಕೋರಮಂಗಲದಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಇದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರ ಮುಖ್ಯ ದೂರದರ್ಶಕ ಆ ಸಂಸ್ಥೆಯದು. ಸೂರ್ಯನ ಬಿಂಬವನ್ನು ಮರೆಮಾಡಿ ಸುತ್ತಲ ಕರೋನಾ ಎಂಬ ಪ್ರಭಾವಲಯವನ್ನು ನೋಡುತ್ತದೆ. ಅಂದರೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಮ್ಮದೇ ಊರಿನವರು ಕೃತಕ ಸೂರ್ಯಗ್ರಹಣ ಮಾಡಿ ಇಟ್ಟಿದ್ದಾರೆ. ಶಾಸ್ತ್ರ ಗಟ್ಟಿಯಾಗಿ ಹಿಡಿದರೆ ದೇವಸ್ಥಾನಗಳ ಬಾಗಿಲು ಇನ್ನು ತೆಗೆಯುವಂತಿಲ್ಲ, ಬಸುರಿಯರು ಹೊರಗೆ ಬರುವಂತಿಲ್ಲ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ಊರಿನ ಬಹುತೇಕ ಗುಡಿಗಳು ಬಾಗಿಲು ಹಾಕಿದವು, ನೀರಿನ ಬಿಂದಿಗೆಗಳ ಮೇಲೆ ದರ್ಭೆ ಕೂತಿತು.

ಎಚ್. ನರಸಿಂಹಯ್ಯ ಇದೇ ದಕ್ಷಿಣ ಬೆಂಗಳೂರಿನವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದ ಖಾದಿ ಮನುಷ್ಯ, ಭೌತಶಾಸ್ತ್ರದ ಮೇಷ್ಟ್ರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳ ತನಿಖೆಗೆ ಸಮಿತಿ ಮಾಡಿ, ಸತ್ಯಸಾಯಿ ಬಾಬಾಗೇ ಪತ್ರ ಬರೆದು ಪರೀಕ್ಷೆಗೆ ಕರೆದರು. ಉತ್ತರ ಬರಲಿಲ್ಲ. 2005ರಲ್ಲಿ ಅವರು ತೀರಿಕೊಂಡರು. ಇಂದು ಯಾವ ಕುಲಪತಿ ಅಂಥ ಪತ್ರಕ್ಕೆ ಸಹಿ ಹಾಕುತ್ತಾನೆ, ಹೇಳಿ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಪುಣೆಯಲ್ಲಿ ಜ್ಯೋತಿಷಿಗಳಿಗೇ ಪರೀಕ್ಷೆ ಇಟ್ಟರು: ಜಾತಕ ನೋಡಿ ಇದು ಜಾಣ ಮಗುವಿನದೋ ಬುದ್ಧಿಮಾಂದ್ಯ ಮಗುವಿನದೋ ಹೇಳಿ ಅಂತ. 27 ಜ್ಯೋತಿಷಿಗಳಿಗೆ ತಲಾ 40 ಜಾತಕ. ಸರಿಯಾದದ್ದು ನೂರಕ್ಕೆ ಸುಮಾರು 46. ನಾಣ್ಯ ಚಿಮ್ಮಿದ್ದರೆ ಇನ್ನಷ್ಟು ಸರಿಯಾಗುತ್ತಿತ್ತು. ಆ ಪ್ರಯೋಗಕ್ಕೆ ಜೊತೆ ನಿಂತಿದ್ದ, ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ 2013ರಲ್ಲಿ ಗುಂಡಿಗೆ ಬಲಿಯಾದರು. 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಕಲಬುರ್ಗಿ, 2017ರಲ್ಲಿ ಇಲ್ಲೇ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಸಾಮ್ರಾಜ್ಯ ಕಾಲ್ಪನಿಕ, ಗುಂಡು ನಿಜ.

ಕಾನೂನು ಇದೆಯಲ್ಲ ಅನ್ನುತ್ತೀರಿ. ಇದೆ. 2017ರಲ್ಲಿ ವಿಧಾನಮಂಡಲ ಒಪ್ಪಿದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ತಡೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಬೆತ್ತಲೆ ಮೆರವಣಿಗೆ, ಎಂಜಲೆಲೆಯ ಉರುಳು ಅಪರಾಧ. ಸರಿ. ಆದರೆ ಜ್ಯೋತಿಷ್ಯದ ಸಲಹೆಗೂ ವಾಸ್ತು ಸಲಹೆಗೂ ಅದೇ ಕಾಯ್ದೆಯಲ್ಲಿ ವಿನಾಯಿತಿ. ಹಳ್ಳಿಯ ಬಡವನ ಮೂಢನಂಬಿಕೆಗೆ ಜೈಲು, ಬಡಾವಣೆಯ ಉಳ್ಳವನ ಮೂಢನಂಬಿಕೆಗೆ ರಸೀದಿ. ವಿಧಾನಸೌಧದಲ್ಲೇ ಮುಖ್ಯಮಂತ್ರಿ ಕಚೇರಿಯ ದಕ್ಷಿಣದ ಬಾಗಿಲು ವಾಸ್ತು ಸರಿಯಿಲ್ಲ ಅಂತ ಮುಚ್ಚಿಕೊಂಡಿತ್ತು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯ ಅದನ್ನು ತೆಗೆಸಿ ಒಳಗೆ ಹೋದರು. ಒಂದು ಬಾಗಿಲು ತೆಗೆದದ್ದು ಪತ್ರಿಕೆಗಳಿಗೆ ಸುದ್ದಿಯಾಯಿತು ಎನ್ನುವುದೇ ನಮ್ಮ ಸ್ಥಿತಿ.

ಮಗಳಿರುವ ಅಪ್ಪ ಅಮ್ಮಂದಿರೇ, ನಿಮ್ಮಲ್ಲೊಂದು ಕೇಳಿಕೆ. ಅವಳ ಜಾತಕ ಯಾರಿಗೂ ಕೊಡಬೇಡಿ. ಕೇಳಿದವರಿಗೆ ಬರೆಸಿಲ್ಲ ಅನ್ನಿ. ಬರೆಸಿದ್ದರೆ ಹರಿದುಹಾಕಿ. ಅದಿಲ್ಲದೆ ನಿಮ್ಮ ಮನೆಗೆ ಬರಲೊಲ್ಲದ ಗಂಡು ಬರದಿರುವುದೇ ಒಳ್ಳೆಯದು. ಹಾಗೆಯೇ ಈ ಸಲದ ಆಯುಧಪೂಜೆಗೆ ಕುಂಬಳಕಾಯಿ ಒಡೆಯುವ ಹಂಬಲ ಇದ್ದವರು ನಿಮ್ಮ ಹಾಲಿನಲ್ಲಿ, ನಿಮ್ಮ ಟೈಲ್ಸಿನ ಮೇಲೆ ಒಡೆದುಕೊಳ್ಳಿ. ನೀವೇ ಬಳಿಯಿರಿ.